ಕಾಲೇಜ್ ಫೀಸ್‌ಗೆ ಸರ್ಕಾರದ ದುಡ್ಡು: ಯಾವ ತಿಂಗಳು ಏನ್ ಮಾಡ್ಕೋಬೇಕು

ಪಿಯುಸಿ ರಿಸಲ್ಟ್ ಬಂದ್ಮೇಲೆ ಬೆಂಗಳೂರಲ್ಲಿ ಸುಮಾರು ಮನೆಗಳಲ್ಲಿ ಒಂದೇ ಮಾತು, ಯಾವ ಕಾಲೇಜು, ಎಷ್ಟು ಫೀಸು, ಎಲ್ಲಿಂದ ಹೊಂದ್ಸೋದು. ಪೀಣ್ಯದಲ್ಲಿ ಫ್ಯಾಕ್ಟರಿ ಕೆಲಸ ಮಾಡೋರು, ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸ್‌ಗೆ ಹೋಗೋರು, ಆಟೋ ಓಡ್ಸೋರು, ಇವ್ರ ಮಕ್ಕಳಿಗೆ ಅಂತಾನೇ ಸ್ಕಾಲರ್‌ಶಿಪ್ ಇದೆ, ಫೀಸ್ ರಿಯಾಯ್ತಿ ಇದೆ, ಶೇಕಡಾ 2ರ ಬಡ್ಡಿಗೆ ಸಾಲಾನೂ ಇದೆ. ಆದ್ರೆ ಅರ್ಹತೆ ಇದ್ದೂ ಎಷ್ಟೋ ಮಕ್ಕಳಿಗೆ ಅದು ಸಿಗಲ್ಲ, ಕಾರಣ ಕೇಳಿದ್ರೆ ಆದಾಯ ಪತ್ರದ ಅವಧಿ ಮುಗಿದಿತ್ತು, ಹೆಸರು ಮ್ಯಾಚ್ ಆಗ್ಲಿಲ್ಲ, ಖಾತೆಗೆ ಆಧಾರ್ ಸೀಡ್ ಆಗಿರ್ಲಿಲ್ಲ ಅಂತಾರೆ. ಇಷ್ಟು ಸಣ್ಣ ಕಾರಣಕ್ಕೆ ಒಂದು ಹುಡುಗಿಯ ಓದು ನಿಲ್ಲಬಾರ್ದು. ಹಂಗಾಗಿ ಈ ಕೆಲಸಾನ ರಿಸಲ್ಟ್ ಬಂದ್ಮೇಲೆ ಅಲ್ಲ, ಎರಡನೇ ಪಿಯುಸಿ ಓದ್ತಿರೋವಾಗ್ಲೇ, ದಸರಾ ರಜೆ ಹೊತ್ತಿಗೇ ಶುರು ಮಾಡಿ.

ಮೊದ್ಲು ಕಾಗದ ಪತ್ರ

ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣ ಪತ್ರ ತಗೊಳ್ಳಿ. ಆನ್‌ಲೈನಲ್ಲಿ ನಾಡಕಚೇರಿ ವೆಬ್‌ಸೈಟ್‌ನಿಂದ ಹಾಕ್ಬೋದು, ಇಲ್ಲಾಂದ್ರೆ ಹತ್ರದ ಬೆಂಗಳೂರು ಒನ್ ಸೆಂಟರ್‌ಗೆ ಹೋಗಿ. ಆ ಪತ್ರದ ಮೇಲೆ ಆರ್‌ಡಿ ಅಂತ ಶುರುವಾಗೋ ಒಂದು ಉದ್ದ ನಂಬರ್ ಇರುತ್ತೆ, ಮುಂದೆ ಸಿಇಟಿಗೆ, ಸ್ಕಾಲರ್‌ಶಿಪ್‌ಗೆ ಎಲ್ಲಾ ಕಡೆ ಕೇಳೋದು ಆ ನಂಬರನ್ನೇ, ಅದನ್ನ ಹಾಕಿದ ತಕ್ಷಣ ಸಿಸ್ಟಂ ತಾನೇ ಹೆಸರು, ಜಾತಿ, ಆದಾಯ ಎಳ್ಕೊಳ್ಳುತ್ತೆ. ಆದಾಯ ಪತ್ರಕ್ಕೆ 5 ವರ್ಷ ಅಷ್ಟೇ ಆಯಸ್ಸು, ಹೈಸ್ಕೂಲಲ್ಲಿ ಮಾಡ್ಸಿದ್ದು ಇದ್ಯಲ್ಲ ಅಂತ ಸುಮ್ನೆ ಕೂರ್ಬೇಡಿ, ತಾರೀಖು ನೋಡಿ. ಇನ್ನೊಂದು, ಪತ್ರ ಮಗು ಹೆಸರಲ್ಲಿರ್ಬೇಕು, ಅಪ್ಪನ ಹೆಸರಲ್ಲಿ ಮಾಡ್ಸಿರೋದು ಇಲ್ಲಿ ಪ್ರಯೋಜನಕ್ಕೆ ಬರಲ್ಲ.

ಬೆಂಗಳೂರಲ್ಲಿರೋರಲ್ಲಿ ಎಷ್ಟೋ ಜನ ಹೊರಗಿಂದ ಬಂದೋರು. ರಾಯಚೂರು, ಯಾದಗಿರಿ, ಕಲಬುರಗಿ, ಬೀದರ್, ಕೊಪ್ಪಳ, ಬಳ್ಳಾರಿ, ವಿಜಯನಗರ ಈ 7 ಜಿಲ್ಲೆಯೋರಾದ್ರೆ 371ಜೆ (ಕಲ್ಯಾಣ ಕರ್ನಾಟಕದೋರಿಗೆ ಇರೋ ವಿಶೇಷ ಮೀಸಲಾತಿ) ಅರ್ಹತಾ ಪತ್ರ ಮಾಡ್ಸಿ, ಅದನ್ನ ಕೊಡೋದು ಊರಿನ ಕಡೆಯ ಉಪವಿಭಾಗಾಧಿಕಾರಿ ಕಚೇರಿ. ಆ ಪತ್ರ ಇದ್ರೆ ಕಲ್ಯಾಣ ಕರ್ನಾಟಕದ ಒಳಗಿನ ಕಾಲೇಜುಗಳಲ್ಲಿ ಶೇ 70, ಬೆಂಗಳೂರು ಸೇರಿ ಉಳಿದ ಕಡೆ ಶೇ 8 ಸೀಟಿನ ಮೀಸಲಾತಿಗೆ ಬರ್ತೀರ. ಊರಿಗೆ ಹೋಗಿ ಬರೋ ಕೆಲಸ ಅದು, ಹಬ್ಬಕ್ಕೆ ಹೋದಾಗ್ಲೇ ಅರ್ಜಿ ಕೊಟ್ಬಿಡಿ. ಹಾಗೇ 1ರಿಂದ 10ನೇ ಕ್ಲಾಸ್ ವರೆಗೂ ಹಳ್ಳಿ ಸ್ಕೂಲಲ್ಲಿ ಓದಿದ್ರೆ ಗ್ರಾಮೀಣ ಕೋಟಾ ಶೇ 15, ಕನ್ನಡ ಮೀಡಿಯಂನಲ್ಲಿ ಓದಿದ್ರೆ ಶೇ 5 ಇದೆ, ಅದಕ್ಕೆ ಓದಿದ ಸ್ಕೂಲಿಂದ ವ್ಯಾಸಂಗ ಪತ್ರ ಬೇಕು, ಮೂರು ಸ್ಕೂಲ್ ಬದ್ಲಾಯಿಸಿದ್ರೆ ಮೂರೂ ಕಡೆ ಹೋಗ್ಬೇಕು. ಬೇಜಾರ್ ಅನ್ಸುತ್ತೆ, ಆದ್ರೆ ಆ ಒಂದು ಹಾಳೆ ಸೀಟನ್ನೇ ಬದಲಾಯಿಸ್ಬೋದು.

ಹೆಸರು ಎಲ್ಲಾ ಕಡೆ ಒಂದೇ ಥರ ಇದ್ಯಾ

ಇದಕ್ಕೆ ಒಂದು ಭಾನುವಾರ ಪೂರ್ತಿ ಎತ್ತಿಡಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಆಧಾರ್, ಜಾತಿ ಆದಾಯ ಪತ್ರ, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಐದನ್ನೂ ನೆಲದ ಮೇಲೆ ಪಕ್ಕಪಕ್ಕ ಹರಡ್ಕೊಂಡು ಅಕ್ಷರ ಅಕ್ಷರ ನೋಡಿ. ಮಾರ್ಕ್ಸ್ ಕಾರ್ಡಲ್ಲಿ ಲಕ್ಷ್ಮಿ ಆರ್, ಆಧಾರಲ್ಲಿ ಲಕ್ಷ್ಮೀ ರಾಮಪ್ಪ, ಪಾಸ್‌ಬುಕ್ಕಲ್ಲಿ ಬರೀ ಲಕ್ಷ್ಮಿ, ನಮಗೆ ನಿಮಗೆ ಇವ್ರು ಒಬ್ರೇ, ಕಂಪ್ಯೂಟರ್‌ಗೆ ಮೂರು ಜನ. ಇನಿಷಿಯಲ್ ಹಿಂದೆ ಮುಂದೆ ಆಗಿರೋದು, ಇಂಗ್ಲಿಷ್ ಸ್ಪೆಲ್ಲಿಂಗಲ್ಲಿ ಒಂದು ಎಚ್ ಜಾಸ್ತಿ ಇರೋದು, ಹುಟ್ಟಿದ ತಾರೀಖು ಬರೀ ಇಸವಿ ಇರೋದು, ಇವೆಲ್ಲಾ ಕಾಮನ್.

ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಕಾರ್ಡ್‌ನಲ್ಲಿ ಇರೋ ಹೆಸರನ್ನೇ ಆಧಾರ ಇಟ್ಕೊಂಡು ಉಳಿದಿದ್ದನ್ನ ಅದಕ್ಕೆ ಸರಿಯಾಗಿ ತಿದ್ಸೋದು ವಾಸಿ, ಯಾಕಂದ್ರೆ ಮಾರ್ಕ್ಸ್ ಕಾರ್ಡ್ ತಿದ್ದುಪಡಿ ಅಂದ್ರೆ ಸ್ಕೂಲ್ ಹೆಡ್‌ಮಾಸ್ಟರ್ ಮೂಲಕ ಮಲ್ಲೇಶ್ವರಂನ ಪರೀಕ್ಷಾ ಮಂಡಳಿಗೆ ಹೋಗ್ಬೇಕು, ತಿಂಗಳುಗಟ್ಟಲೆ ಹಿಡಿಯುತ್ತೆ. ಆಧಾರಲ್ಲಿ ಹೆಸರು ಬದಲಾಯ್ಸೋಕೆ ಜೀವಮಾನದಲ್ಲಿ ಎರಡೇ ಸಲ ಅವಕಾಶ, ಹುಟ್ಟಿದ ತಾರೀಖು ಒಂದೇ ಸಲ. ಅದಕ್ಕೇ ಸೆಂಟರಲ್ಲಿ ಆಪರೇಟರ್ ಟೈಪ್ ಮಾಡಿದ್ದನ್ನ ಸ್ಕ್ರೀನ್ ಮೇಲೆ ಮಗು ಕೈಲೇ ಓದ್ಸಿ, ಆಮೇಲೆ ಓಕೆ ಅನ್ನಿ. 15 ವರ್ಷ ತುಂಬಿದ್ಮೇಲೆ ಮಾಡ್ಸಬೇಕಾದ ಬಯೋಮೆಟ್ರಿಕ್ ಅಪ್‌ಡೇಟ್ ಆಗಿಲ್ದಿದ್ರೆ ಅದನ್ನೂ ಅದೇ ದಿನ ಮುಗಿಸ್ಕೊಳ್ಳಿ. ಅಪ್ಪ ಅಮ್ಮನ ಆಧಾರ್‌ಗೆ ಲಿಂಕ್ ಆಗಿರೋ ಮೊಬೈಲ್ ನಂಬರ್ ಚಾಲ್ತಿಯಲ್ಲಿ ಇದ್ಯಾ ಅಂತ್ಲೂ ನೋಡಿ, ಓಟಿಪಿ ಹಳೇ ಸಿಮ್‌ಗೆ ಹೋಗಿ ಕೂತ್ರೆ ಕೊನೇ ದಿನ ಯಾರೂ ಏನೂ ಮಾಡಕ್ಕಾಗಲ್ಲ.

ಬ್ಯಾಂಕ್ ಖಾತೆ

ಖಾತೆ ವಿದ್ಯಾರ್ಥಿ ಹೆಸರಲ್ಲೇ ಇರ್ಬೇಕು. ಬ್ಯಾಂಕಲ್ಲಿ ಕೇಳಿದ್ರೆ ಆಧಾರ್ ಲಿಂಕ್ ಆಗಿದೆ ಹೋಗಮ್ಮ ಅಂತಾರೆ, ಆದ್ರೆ ಕೆವೈಸಿಗೆ ಆಧಾರ್ ಕೊಟ್ಟಿರೋದು ಬೇರೆ, ಸರ್ಕಾರದ ದುಡ್ಡು ಬರೋಕೆ ಎನ್‌ಪಿಸಿಐ (ಬ್ಯಾಂಕುಗಳ ನಡುವೆ ದುಡ್ಡು ರವಾನೆ ನೋಡ್ಕೊಳ್ಳೋ ಸಂಸ್ಥೆ) ಮ್ಯಾಪಿಂಗ್ ಆಗಿರೋದು ಬೇರೆ. ಡಿಬಿಟಿ ದುಡ್ಡು, ಅಂದ್ರೆ ಸರ್ಕಾರ ನೇರವಾಗಿ ಖಾತೆಗೆ ಹಾಕೋ ದುಡ್ಡು, ಅಕೌಂಟ್ ನಂಬರ್ ನೋಡ್ಕೊಂಡು ಬರಲ್ಲ, ಆಧಾರ್ ನಂಬರ್ ಕೊನೇದಾಗಿ ಯಾವ ಬ್ಯಾಂಕ್‌ಗೆ ಮ್ಯಾಪ್ ಆಗಿದ್ಯೋ ಅಲ್ಲಿಗೆ ಹೋಗುತ್ತೆ. ಮೊಬೈಲ್ ಅಂಗಡಿಯಲ್ಲಿ ಸಿಮ್ ತಗೊಳ್ಳೋವಾಗ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಗೆ ಮ್ಯಾಪ್ ಆಗಿದ್ರೆ ಸ್ಕಾಲರ್‌ಶಿಪ್ ಅಲ್ಲೇ ಬಿದ್ದಿರುತ್ತೆ, ಮನೆಯೋರು ಮಾತ್ರ ಬೇರೆ ಪಾಸ್‌ಬುಕ್ ಎಂಟ್ರಿ ಮಾಡ್ಸಿ ಮಾಡ್ಸಿ ಬರ್ಲಿಲ್ಲ ಅಂತ ಕಾಯ್ತಿರ್ತಾರೆ. ಆಧಾರ್ ಕೊಡೋ ಯುಐಡಿಎಐ ವೆಬ್‌ಸೈಟಲ್ಲಿ ಆಧಾರ್ ಹಾಕಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿದ್ರೆ ಯಾವ ಬ್ಯಾಂಕು, ಆಕ್ಟಿವ್ ಇದ್ಯಾ ಅಂತ ಗೊತ್ತಾಗುತ್ತೆ. ಇಲ್ಲಾಂದ್ರೆ ಬ್ಯಾಂಕಿಗೆ ಹೋಗಿ, ಡಿಬಿಟಿಗೆ ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ ಅಂತ ಇದೇ ಮಾತಲ್ಲಿ ಕೇಳಿ, ಒಪ್ಪಿಗೆ ಫಾರ್ಮ್ ತುಂಬಿ ಕೊಡಿ, ಒಂದು ವಾರ ಬಿಟ್ಟು ಮತ್ತೆ ಚೆಕ್ ಮಾಡಿ.

ಸಿಇಟಿ ಅರ್ಜಿ ಮತ್ತು ಸೀಟು

ಸಿಇಟಿ ನಡ್ಸೋ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಸಾಮಾನ್ಯವಾಗಿ ಜನವರಿ ಹೊತ್ತಿಗೆ ಅರ್ಜಿ ಕರೆಯುತ್ತೆ. ಮೀಸಲಾತಿ, ಗ್ರಾಮೀಣ, ಕನ್ನಡ ಮೀಡಿಯಂ, 371ಜೆ ಏನೇ ಇದ್ರೂ ಕ್ಲೇಮ್ ಮಾಡ್ಬೇಕಾಗಿರೋದು ಈ ಅರ್ಜಿಯಲ್ಲೇ, ಆಮೇಲೆ ಸಂಪಿಗೆ ರಸ್ತೆಯ ಕೆಇಎ ಆಫೀಸ್ ಮುಂದೆ ನಿಂತು ಬೇಡ್ಕೊಂಡ್ರೆ ಕಷ್ಟ. ಎಂಜಿನಿಯರಿಂಗ್‌ಗೆ ರ‍್ಯಾಂಕ್ ಕೊಡೋದು ಪಿಯುಸಿ ಮಾರ್ಕ್ಸ್ ಅರ್ಧ, ಸಿಇಟಿ ಅರ್ಧ ಸೇರಿಸಿ.

ತುಂಬಾ ಜನ ಬಿಟ್ಟುಬಿಡೋದು ಎಸ್‌ಎನ್‌ಕ್ಯೂ, ಅಂದ್ರೆ ಸೂಪರ್‌ನ್ಯೂಮರರಿ ಕೋಟಾ. ಕುಟುಂಬದ ವರ್ಷದ ಆದಾಯ 8 ಲಕ್ಷದ ಒಳಗಿದ್ರೆ, ಯಾವ ಜಾತಿ ಆದ್ರೂ ಪರ್ವಾಗಿಲ್ಲ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇರೋ ಸೀಟಿನ ಮೇಲೆ ಎಕ್ಸ್‌ಟ್ರಾ ಶೇ 5 ಸೀಟು ಇರುತ್ತೆ, ಅದರಲ್ಲಿ ಬೋಧನಾ ಶುಲ್ಕ ಇಲ್ಲ. ಬೇರೆ ಫೀಸ್ ಕಟ್ಬೇಕು, ಆದ್ರೂ ದೊಡ್ಡ ಭಾರ ಇಳಿಯುತ್ತೆ. ಜಿಎಂ (ಸಾಮಾನ್ಯ ವರ್ಗ) ಮಕ್ಕಳ ಅಪ್ಪ ಅಮ್ಮ ನಮಗೆ ಏನೂ ಇಲ್ಲ ಅಂದ್ಕೊಂಡು ಆದಾಯ ಪತ್ರಾನೇ ಮಾಡ್ಸಲ್ಲ, ದಯವಿಟ್ಟು ಮಾಡ್ಸಿ. ಎಸ್‌ಸಿ, ಎಸ್‌ಟಿ, ಪ್ರವರ್ಗ 1ರ ಮಕ್ಕಳಿಗೆ ಆದಾಯ ಎರಡೂವರೆ ಲಕ್ಷದ ಒಳಗಿದ್ರೆ ಸೀಟ್ ತಗೊಳ್ಳೋವಾಗ್ಲೇ ಫೀಸಲ್ಲಿ ರಿಯಾಯ್ತಿ ಇದೆ.

ಸೀಟ್ ಅಲಾಟ್ ಆದ್ಮೇಲೆ ನಾಲ್ಕು ಚಾಯ್ಸ್ ಬರುತ್ತೆ. ಒಂದು ಅಂದ್ರೆ ಒಪ್ಕೊಂಡೆ, ಫೀಸ್ ಕಟ್ಟಿ ಕಾಲೇಜಿಗೆ ಹೋಗ್ತೀನಿ. ಎರಡು ಅಂದ್ರೆ ಇದು ಇರ್ಲಿ, ಮುಂದಿನ ರೌಂಡಲ್ಲಿ ಇದಕ್ಕಿಂತ ಒಳ್ಳೇದು ಸಿಕ್ರೆ ನೋಡ್ತೀನಿ. ಮೂರು ಅಂದ್ರೆ ಇದು ಬೇಡ, ಮುಂದಿನ ರೌಂಡ್‌ಗೆ ಬರ್ತೀನಿ. ನಾಲ್ಕು ಅಂದ್ರೆ ನಾನು ಹೊರಗೆ. ಅವಸರದಲ್ಲಿ ಮೂರು ಒತ್ತಿ ಕೈಲಿದ್ದ ಸೀಟ್ ಕಳ್ಕೊಳ್ಳೋ ಮಕ್ಕಳಿದ್ದಾರೆ, ಅದಕ್ಕೆ ಒತ್ತೋಕೆ ಮುಂಚೆ ಮನೇಲಿ ಕೂತು ಮಾತಾಡಿ. ಫೀಸ್ ಕಟ್ಟೋಕೆ ಕೊಡೋ ದಿನಗಳು ಬಹಳ ಕಮ್ಮಿ, ಆ ದುಡ್ಡು ಮೊದ್ಲೇ ರೆಡಿ ಇರ್ಬೇಕು.

ಬಿಎ, ಬಿಎಸ್ಸಿ, ಬಿಕಾಂ ಸೇರೋರಿಗೆ ಸಿಇಟಿ ಬೇಡ, ಬೆಂಗಳೂರು ವಿವಿ, ಸೆಂಟ್ರಲ್ ಕಾಲೇಜಲ್ಲಿರೋ ಬೆಂಗಳೂರು ನಗರ ವಿವಿ (ಈಗ ಡಾ. ಮನಮೋಹನ್ ಸಿಂಗ್ ಬೆಂಗಳೂರು ನಗರ ವಿವಿ) ಕಾಲೇಜುಗಳಿಗೆಲ್ಲ ಯುಯುಸಿಎಂಎಸ್ ಪೋರ್ಟಲ್ ಮೂಲಕ ಅರ್ಜಿ. 2024-25ರಿಂದ ಡಿಗ್ರಿ ಮತ್ತೆ 3 ವರ್ಷದ್ದೇ ಆಗಿದೆ, ಖರ್ಚಿನ ಲೆಕ್ಕ ಹಾಕೋವಾಗ ನಾಲ್ಕು ವರ್ಷ ಅಂತ ಹಾಕ್ಬೇಡಿ.

ಎಸ್‌ಎಸ್‌ಪಿ ಅರ್ಜಿ

ಕಾಲೇಜ್ ಸೇರಿದ್ಮೇಲೆ ಬರೋದು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಎಲ್ರೂ ಎಸ್‌ಎಸ್‌ಪಿ ಅಂತಾರೆ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆ ಎಲ್ಲಾ ಒಂದೇ ಅರ್ಜಿಯಲ್ಲಿ, ಯಾವ ಇಲಾಖೆ ಸ್ಕೀಮ್ ಅನ್ನೋದನ್ನ ನಿಮ್ಮ ಮಾಹಿತಿ ನೋಡಿ ಅದೇ ತೋರಿಸುತ್ತೆ. ಅರ್ಜಿ ತುಂಬೋಕೆ ಮುಂಚೆ ಒರಿಜಿನಲ್ ಮಾರ್ಕ್ಸ್ ಕಾರ್ಡ್, ಫೀಸ್ ರಸೀದಿ ತಗೊಂಡು ಕಾಲೇಜಲ್ಲಿರೋ ಇ-ದೃಢೀಕರಣ ಅಧಿಕಾರಿ ಹತ್ರ ಹೋಗಿ, ಅವ್ರು ಸ್ಕ್ಯಾನ್ ಮಾಡಿ ಒಂದೊಂದು ದಾಖಲೆಗೂ ಒಂದು ಐಡಿ ಕೊಡ್ತಾರೆ, ಅರ್ಜಿಯಲ್ಲಿ ಆ ಐಡಿ ಹಾಕ್ಬೇಕು. ಫೀಸ್ ರಸೀದಿ ಮಾತ್ರ ಬಿಡದೆ ಕೇಳಿ ಇಸ್ಕೊಳ್ಳಿ, ಬಿಳಿ ಚೀಟಿ ಮೇಲೆ ಬರ್ಕೊಟ್ರೆ ಒಪ್ಕೋಬೇಡಿ, ಯಾಕಂದ್ರೆ ಶುಲ್ಕ ಮರುಪಾವತಿ ಕೇಳೋಕೆ ರಸೀದಿಯೇ ಸಾಕ್ಷಿ.

ಸಬ್‌ಮಿಟ್ ಒತ್ತಿದ್ರೆ ಮುಗೀತು ಅಂತಲ್ಲ. ಕಾಲೇಜ್ ವೆರಿಫೈ ಮಾಡ್ಬೇಕು, ಆಮೇಲೆ ಇಲಾಖೆ. ಅರ್ಜಿ ಎಲ್ಲಿ ನಿಂತಿದೆ ಅಂತ ಹದಿನೈದು ದಿನಕ್ಕೊಮ್ಮೆ ನೋಡ್ತಾ ಇರಿ, ಕಾಲೇಜ್ ಲೆವೆಲಲ್ಲೇ ಪೆಂಡಿಂಗ್ ಅಂತ ತೋರ್ಸಿದ್ರೆ ಆಫೀಸಿಗೆ ಹೋಗಿ ನಯವಾಗಿ ಆದ್ರೆ ಗಟ್ಟಿಯಾಗಿ ಕೇಳಿ. ದುಡ್ಡು ಮಂಜೂರಾಗಿದ್ಯಾ, ಯಾವ ಬ್ಯಾಂಕ್‌ಗೆ ಬಂತು ಅನ್ನೋದು ಡಿಬಿಟಿ ಕರ್ನಾಟಕ ಆ್ಯಪಲ್ಲಿ ಕಾಣುತ್ತೆ.

ಹಿಂದುಳಿದ ವರ್ಗದ ಮಕ್ಕಳು ಊರು ಬಿಟ್ಟು ಬಂದು ಓದ್ತಿದ್ದು ಸರ್ಕಾರಿ ಹಾಸ್ಟೆಲ್ ಸಿಗ್ದಿದ್ರೆ ವಿದ್ಯಾಸಿರಿ ಇದೆ, ತಿಂಗಳಿಗೆ 1,500 ರೂಪಾಯಿ ಲೆಕ್ಕದಲ್ಲಿ 10 ತಿಂಗಳು. ಈ ದುಡ್ಡಿಗೆ ಬೆಂಗಳೂರಲ್ಲಿ ಪಿಜಿ ಹಾಸಿಗೆ ಬಾಡಿಗೆಯೂ ಹುಟ್ಟಲ್ಲ, ಇದನ್ನ ಏರಿಸ್ಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಹಾಸ್ಟೆಲ್‌ಗೆ ಬೇರೆ ಪೋರ್ಟಲ್, ಎಸ್‌ಎಚ್‌ಪಿ ಅಂತ, ಅದಕ್ಕೆ ಬೇರೆ ಅರ್ಜಿ ಹಾಕ್ಬೇಕು, ಎರಡನ್ನೂ ಒಂದೇ ಅಂದ್ಕೊಂಡು ಹಾಸ್ಟೆಲ್ ಕೈತಪ್ಪಿಸ್ಕೊಳ್ಬೇಡಿ. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಗೆ ಅಪ್ಪ ಅಥವಾ ಅಮ್ಮನ ಫ್ರೂಟ್ಸ್ ಐಡಿ (ರೈತರ ನೋಂದಣಿ ನಂಬರ್) ಬೇಕು. ಕಟ್ಟಡ ಕಾರ್ಮಿಕರಾದ್ರೆ ಕಾರ್ಮಿಕರ ಕಾರ್ಡ್ ರಿನ್ಯೂ ಆಗಿದ್ಯಾ ನೋಡಿ, ಅವ್ರ ಕಲ್ಯಾಣ ಮಂಡಳಿಯಿಂದ ಮಕ್ಕಳಿಗೆ ಶೈಕ್ಷಣಿಕ ಸಹಾಯಧನ ಇದೆ.

ಎಸ್‌ಎಸ್‌ಪಿ ದುಡ್ಡಿನ ದೊಡ್ಡ ತೊಂದ್ರೆ ಅಂದ್ರೆ ಲೇಟು. ಕಾಲೇಜು ಫೀಸ್ ಕೇಳೋದು ಸೇರೋ ದಿನ, ದುಡ್ಡು ಬರೋದು ಸೆಮಿಸ್ಟರ್ ಮುಗಿಯೋ ಹೊತ್ತಿಗೋ ಅದಕ್ಕೂ ಆಮೇಲೋ. ಆ ನಡುವಿನ ತಿಂಗಳುಗಳಲ್ಲಿ ಅಮ್ಮನ ಓಲೆ ಅಡ ಇಡ್ತಾರೆ, ಮೀಟರ್ ಬಡ್ಡಿಗೆ ಸಾಲ ತರ್ತಾರೆ, ಆಮೇಲೆ ಬಂದ ಸ್ಕಾಲರ್‌ಶಿಪ್ ಬಡ್ಡಿಗೇ ಹೋಗುತ್ತೆ. ಸೇರೋ ದಿನಾನೇ ಸರ್ಕಾರ ನೇರವಾಗಿ ಕಾಲೇಜಿಗೆ ಕಟ್ಟೋ ವ್ಯವಸ್ಥೆ ಎಲ್ಲಾ ಬಡ ಮಕ್ಕಳಿಗೂ ಬರ್ಬೇಕು. ಅಲ್ಲೀವರೆಗೂ ಪ್ರಿನ್ಸಿಪಾಲ್‌ಗೆ ಕಂತಲ್ಲಿ ಕಟ್ತೀವಿ ಅಂತ ಬರವಣಿಗೆಯಲ್ಲಿ ಕೇಳಿ, ಎಸ್‌ಎಸ್‌ಪಿ ಅರ್ಜಿ ಪ್ರಿಂಟ್ ಜೊತೆಗೆ ಲಗತ್ತಿಸಿ.

ಕೇಂದ್ರದ್ದು ಮತ್ತು ಬೇರೆ

ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲಲ್ಲಿ ಎರಡು ಸ್ಕೀಮ್ ಮುಖ್ಯವಾಗಿ ನೋಡಿ. ಪಿಯುಸಿಯಲ್ಲಿ ನಿಮ್ಮ ಬೋರ್ಡಿನ ಮೇಲಿನ ಶೇ 20 ಮಕ್ಕಳಲ್ಲಿ ಇದ್ದು, ಮನೆ ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ರೆ ಡಿಗ್ರಿಗೆ ವರ್ಷಕ್ಕೆ 12,000 ಸಿಗೋ ಸ್ಕೀಮ್ ಒಂದು. ಎಐಸಿಟಿಇ (ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ) ಮಾನ್ಯತೆ ಇರೋ ಕಾಲೇಜಲ್ಲಿ ಟೆಕ್ನಿಕಲ್ ಕೋರ್ಸ್ ಸೇರಿದ ಹೆಣ್ಣುಮಕ್ಕಳಿಗೆ ಪ್ರಗತಿ, ವರ್ಷಕ್ಕೆ 50,000, ಆದಾಯ ಮಿತಿ 8 ಲಕ್ಷ, ಒಂದು ಮನೆಯಿಂದ ಇಬ್ರು ಹುಡುಗೀರು ತನಕ. ಅಂಗವಿಕಲ ಮಕ್ಕಳಿಗೆ ಅಷ್ಟೇ ಮೊತ್ತದ ಸಕ್ಷಮ್ ಇದೆ. ಒಂದು ತಗೊಂಡ್ರೆ ಇನ್ನೊಂದು ತಗೊಳ್ಳೋ ಹಾಗಿಲ್ಲ ಅನ್ನೋ ಷರತ್ತು ಇವುಗಳಲ್ಲಿ ಇರುತ್ತೆ, ಹಂಗಾಗಿ ಯಾವುದ್ರಲ್ಲಿ ಜಾಸ್ತಿ ಅಂತ ಲೆಕ್ಕ ಹಾಕಿ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಲ್ಲಿ ಓದಿದ ಹುಡುಗೀರಿಗೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ವರ್ಷಕ್ಕೆ 30,000 ಕೊಡುತ್ತೆ, ಇದು ಸರ್ಕಾರದ್ದಲ್ಲ, ಅರ್ಜಿಗೂ ದುಡ್ಡಿಲ್ಲ.

ಇಷ್ಟಾದ್ರೂ ಸಾಲದಿದ್ರೆ ಸಾಲ

ಮೊದ್ಲು ಅರಿವು ಸಾಲ ನೋಡಿ, ಹಿಂದುಳಿದ ವರ್ಗದೋರಿಗೆ ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ (ಕೆಎಂಡಿಸಿ), ಬಡ್ಡಿ ಶೇ 2 ಅಷ್ಟೇ. ಬ್ಯಾಂಕ್ ಸಾಲ ಆದ್ರೆ 2024ರ ನವೆಂಬರಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಇದೆ, ಅದರ ಪಟ್ಟಿಯಲ್ಲಿರೋ ಕಾಲೇಜುಗಳಿಗೆ ಜಾಮೀನು, ಅಡಮಾನ ಯಾವ್ದೂ ಇಲ್ದೆ ಸಾಲ, ಆದಾಯ 8 ಲಕ್ಷದ ಒಳಗಿದ್ರೆ 10 ಲಕ್ಷದ ವರೆಗಿನ ಸಾಲಕ್ಕೆ ಶೇ 3 ಬಡ್ಡಿ ಸಹಾಯ. ಕಾಲೇಜು ಪಟ್ಟಿಯಲ್ಲಿ ಇಲ್ದಿದ್ರೂ ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 4 ಲಕ್ಷದ ವರೆಗೆ ಅಡಮಾನ ಬೇಡ. ಮನೆ ಪತ್ರ ತನ್ನಿ ಅಂತ ಕೌಂಟರಲ್ಲಿ ಹೇಳಿದ್ರೆ ವಾದ ಮಾಡ್ಬೇಡಿ, ಅರ್ಜಿ ಆನ್‌ಲೈನಲ್ಲಿ ಹಾಕಿ, ಯಾಕೆ ಕೊಡಲ್ಲ ಅನ್ನೋದನ್ನ ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ. ಬರೆದು ಕೊಡ್ಬೇಕು ಅಂದಾಗ ಮಾತು ಬೇರೆ ಆಗುತ್ತೆ, ಬರೆದು ಕೊಟ್ರೂ ಅದನ್ನ ಹಿಡ್ಕೊಂಡು ಮೇಲಿನ ಕಚೇರಿಗೆ ದೂರು ಕೊಡ್ಬೋದು.

ಎರಡನೇ ವರ್ಷಕ್ಕೆ ಎಸ್‌ಎಸ್‌ಪಿಯಲ್ಲಿ ಮತ್ತೆ ಅರ್ಜಿ ಹಾಕ್ಬೇಕು, ತಾನಾಗೇ ಮುಂದುವರಿಯಲ್ಲ. ಎಸ್‌ಸಿ ಮಕ್ಕಳು ಮೊದಲ ಪ್ರಯತ್ನದಲ್ಲೇ ಫಸ್ಟ್ ಕ್ಲಾಸಲ್ಲಿ ಪಾಸಾದ್ರೆ ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನಕ್ಕೆ ಬೇರೆ ಅರ್ಜಿ ಇದೆ, ಪಿಯುಸಿಗೆ 20,000, ಡಿಗ್ರಿಗೆ 25,000, ಎಂಜಿನಿಯರಿಂಗ್, ಮೆಡಿಕಲ್‌ಗೆ 35,000. ಪಿಯುಸಿದು ಕಾಲೇಜ್ ಸೇರೋ ಗಲಾಟೆಯಲ್ಲಿ ಮರೆತು ಹೋಗುತ್ತೆ, ಮಾರ್ಕ್ಸ್ ಕಾರ್ಡ್ ಕೈಗೆ ಬಂದ ವಾರದಲ್ಲೇ ಇಲಾಖೆ ವೆಬ್‌ಸೈಟಲ್ಲಿ ಹಾಕ್ಬಿಡಿ.