ಒತ್ತಕ್ಷರ ಕಾಣಬೇಕು, ಆಟವೂ ಓಡಬೇಕು: 5ಕೆ ಮಾನಿಟರ್ ಆರಿಸಿದ ನನ್ನ ಅನುಭವ

ಪುಸ್ತಕಗಳ ಪುಟವಿನ್ಯಾಸ ನನ್ನ ಹೊಟ್ಟೆಪಾಡು. ಹಗಲೆಲ್ಲ ಕನ್ನಡದ ಅಕ್ಷರಗಳ ಜೊತೆ ಇರುತ್ತೇನೆ, ರಾತ್ರಿ ಊಟವಾದ ಮೇಲೆ ಅದೇ ಮೇಜಿನ ಮುಂದೆ ಕೂತು ಗೇಮ್ ಆಡುತ್ತೇನೆ. ಎರಡು ಮಾನಿಟರ್ ಇಡುವಷ್ಟು ಜಾಗ ಕೋಣೆಯಲ್ಲಿಲ್ಲ, ಹಾಗಾಗಿ ಎರಡಕ್ಕೂ ಒಗ್ಗುವಂಥದ್ದು ಒಂದೇ ಬೇಕಿತ್ತು. ತೆರೆಯ ಅಡ್ಡಕ್ಕೆ ಸುಮಾರು ಎಷ್ಟು ಸಾವಿರ ಪಿಕ್ಸೆಲ್ (ಚಿತ್ರದ ಚುಕ್ಕೆ) ಇವೆ ಎಂದು ಹೇಳುವ 4ಕೆ, 5ಕೆ, 6ಕೆ, 8ಕೆ ಹೆಸರುಗಳು ಬೆಳೆಯುತ್ತಲೇ ಇವೆ. ವಿಮರ್ಶೆಗಳಿಗೂ ಬರವಿಲ್ಲ. ಆದರೆ ನಾನು ಓದಿದವೆಲ್ಲ ಇಂಗ್ಲಿಷ್ ಅಕ್ಷರ ಓದುವ ಕಣ್ಣಿಗಾಗಿ ಬರೆದವು. ಕನ್ನಡದ ಕೆಲಸ ಮಾಡುವವರು ಬೇರೆಯದೇ ಪರೀಕ್ಷೆ ಇಟ್ಟುಕೊಳ್ಳಬೇಕು. ಆ ಪರೀಕ್ಷೆಯನ್ನು ನಾನು ಹೇಗೆ ಮಾಡಿದೆ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕರಡು ತಿದ್ದುವವರ ದೊಡ್ಡ ತಲೆನೋವು ದಕಾರದ ಒತ್ತು. ಬುದ್ಧ, ಯುದ್ಧ, ಸಿದ್ಧ, ಶುದ್ಧ ಇವಕ್ಕೆಲ್ಲ ಹೊಟ್ಟೆ ಸೀಳಿದ ಒತ್ತು ಬೇಕು. ಮುದ್ದು, ಸದ್ದು, ಎದ್ದು ಇವಕ್ಕೆ ಬೇಡ. ಟೈಪ್ ಮಾಡಿದವರ ಬೆರಳು ತಪ್ಪಿದರೆ ಅದನ್ನು ಹಿಡಿಯಬೇಕಾದದ್ದು ನಮ್ಮ ಕಣ್ಣು. ಅರ್ಥಕ್ಕೂ ಅರ್ಧಕ್ಕೂ ಇರುವ ವ್ಯತ್ಯಾಸವಂತೂ ಒಳಗಿನ ಒಂದು ಚುಕ್ಕೆಯಷ್ಟೇ. ಇಂಥ ವಿವರ ತೆರೆಯ ಮೇಲೆ ನಿಲ್ಲಲು ಎಷ್ಟು ಪಿಕ್ಸೆಲ್ ಬೇಕು?

ಲೆಕ್ಕ ಹಾಕಿ ನೋಡಿದೆ. 12 ಪಾಯಿಂಟ್ ಎಂದರೆ ಒಂದು ಇಂಚಿನ ಆರನೇ ಒಂದು ಭಾಗ. 27 ಇಂಚಿನ, 1920×1080 ಪಿಕ್ಸೆಲ್‌ಗಳ ಫುಲ್ ಎಚ್‌ಡಿ ಮಾನಿಟರ್‌ನಲ್ಲಿ ಇಂಚಿಗೆ ಸುಮಾರು 82 ಪಿಕ್ಸೆಲ್ ಇರುತ್ತವೆ. ಪುಟವನ್ನು ಅದರ ನಿಜವಾದ ಅಳತೆಯಲ್ಲಿ ಇಟ್ಟರೆ 12 ಪಾಯಿಂಟಿನ ಅಕ್ಷರಕ್ಕೆ ಸಿಗುವುದು ಹೆಚ್ಚೆಂದರೆ 14 ಪಿಕ್ಸೆಲ್ ಎತ್ತರ. ಒತ್ತಕ್ಷರಕ್ಕೆ ಅದರಲ್ಲಿ ಮೂರನೇ ಒಂದು ಪಾಲು ಸಿಕ್ಕೀತು, ಅಂದರೆ ನಾಲ್ಕೈದು ಪಿಕ್ಸೆಲ್. ಅಷ್ಟರಲ್ಲಿ ಹೊಟ್ಟೆಯ ಸೀಳು ಎಲ್ಲಿ ಮೂಡಬೇಕು? ಅದೇ 27 ಇಂಚಿನಲ್ಲಿ 2560×1440 ಇದ್ದರೆ ಅಕ್ಷರಕ್ಕೆ 18 ಪಿಕ್ಸೆಲ್, 4ಕೆ ಆದರೆ 27, 5ಕೆ ಆದರೆ 36. ಒತ್ತಿಗೆ 12 ಪಿಕ್ಸೆಲ್ ಸಿಕ್ಕಾಗ ಮಾತ್ರ ಸೀಳು ಸೀಳಾಗಿಯೇ ಕಾಣುತ್ತದೆ, ಬೂದು ಕಲೆಯಾಗಿ ಅಲ್ಲ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ವಿಂಡೋಸ್‌ನ ಕ್ಲಿಯರ್‌ಟೈಪ್ ಅಕ್ಷರದ ಅಂಚನ್ನು ನಯ ಮಾಡುವುದು ಪಿಕ್ಸೆಲ್‌ನೊಳಗಿನ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ಬಳಸಿಕೊಂಡು. ಆ ಪಟ್ಟಿಗಳು ಅಕ್ಕಪಕ್ಕ ಕೂತಿರುವುದರಿಂದ ಲಾಭ ಸಿಗುವುದು ಅಡ್ಡಕ್ಕೆ ಮಾತ್ರ. ಉದ್ದುದ್ದ ಗೆರೆಗಳೇ ಹೆಚ್ಚಿರುವ ಇಂಗ್ಲಿಷ್‌ಗೆ ಅದು ಚೆನ್ನಾಗಿ ಒದಗುತ್ತದೆ. ನಮ್ಮ ಲಿಪಿ ದುಂಡಗಿನದು, ಮೇಲೆ ತಲೆಕಟ್ಟು, ಕೆಳಗೆ ಒತ್ತು, ಅದರ ಕೆಳಗೆ ಮತ್ತೊಂದು ಒತ್ತು. ನಮಗೆ ಬೇಕಾದ ವಿವರವೆಲ್ಲ ಮೇಲಿಂದ ಕೆಳಕ್ಕೆ ಇದೆ. ಅದಕ್ಕೆ ನಿಜವಾದ ಪಿಕ್ಸೆಲ್‌ಗಳೇ ಬೇಕು.

ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವ ಮೊದಲು ಒಂದು ಪರೀಕ್ಷಾ ಪುಟ ತಯಾರಿಸಿಕೊಂಡೆ. ರಾಷ್ಟ್ರ, ಸ್ತ್ರೀ, ತೀಕ್ಷ್ಣ, ಲಕ್ಷ್ಮಿ, ಉಜ್ಜ್ವಲ, ವಾಙ್ಮಯ, ಸಿದ್ಧಾರ್ಥ ಇಂಥ ಪದಗಳು 9, 10, 11, 12 ಪಾಯಿಂಟ್‌ಗಳಲ್ಲಿ. ಅಡಿಟಿಪ್ಪಣಿಗೆ 9 ಬಳಸುತ್ತೇವಲ್ಲ, ಅದಕ್ಕೆ ಅದೂ ಇರಲಿ ಎಂದು. ಪುಟದ ಅಡಿಯಲ್ಲಿ ಸರಿಯಾಗಿ 10 ಸೆಂಟಿಮೀಟರ್ ಉದ್ದದ ಒಂದು ಗೆರೆ. ಪಿಡಿಎಫ್ ಮಾಡಿ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಜೊತೆಗೊಂದು ಸ್ಕೇಲು ಮತ್ತು ಅದೇ ಪುಟದ ಮುದ್ರಿತ ಪ್ರತಿ ಇಟ್ಟುಕೊಂಡೆ. ಅಂಗಡಿಯಲ್ಲಿ ಮಾನಿಟರ್ ಹಚ್ಚಿದ ಕೂಡಲೇ ಸಮುದ್ರ, ಹಕ್ಕಿ, ಹೂವಿನ ವಿಡಿಯೋ ಹಾಕುತ್ತಾರೆ. ಆ ವಿಡಿಯೋದಲ್ಲಿ ಕೆಟ್ಟದಾಗಿ ಕಾಣುವ ಮಾನಿಟರ್ ಇಲ್ಲವೇ ಇಲ್ಲ.

“ವಿಡಿಯೋ ಬೇಡಪ್ಪಾ, ನನ್ನ ಲ್ಯಾಪ್‌ಟಾಪ್‌ನಿಂದ ಒಂದು ಪುಟ ತೋರಿಸ್ಬೇಕು,” ಎಂದೆ.

“ಪುಟಕ್ಕೆಲ್ಲ 5ಕೆ ಯಾಕೆ ಸರ್?” ಎಂದ ಅಂಗಡಿಯ ಹುಡುಗ.

ಗೆರೆಯ ಮೇಲೆ ಸ್ಕೇಲು ಹಿಡಿದು, 10 ಸೆಂಟಿಮೀಟರ್ ಆಗುವವರೆಗೆ ಜೂಮ್ ಹೊಂದಿಸಿ, ಫುಲ್ ಎಚ್‌ಡಿ ಮಾನಿಟರ್‌ನಲ್ಲೂ 5ಕೆ ಮಾನಿಟರ್‌ನಲ್ಲೂ ಅದೇ ಪುಟ ತೋರಿಸಿದೆ. ಮೊದಲನೆಯದರಲ್ಲಿ ‘ತೀಕ್ಷ್ಣ’ದ ಎರಡು ಒತ್ತುಗಳು ಕೂಡಿ ಒಂದು ಕಪ್ಪು ಗಂಟಾಗಿದ್ದವು. ಎರಡನೆಯದರಲ್ಲಿ ಷ ಒತ್ತಿನ ಒಳಗೆರೆಯೂ ಣ ಒತ್ತಿನ ಸುಳಿಯೂ ಬೇರೆಬೇರೆಯಾಗಿ ಕಂಡವು. ಹುಡುಗ ಬಗ್ಗಿ ನೋಡಿ, “ಇದು ಪ್ರಿಂಟ್ ಆದಂಗೇ ಐತಲ್ಲ ಸರ್,” ಎಂದ. ಮುದ್ರಿತ ಪ್ರತಿ ಪಕ್ಕದಲ್ಲೇ ಇತ್ತು, ಮಾತು ನಿಜವೇ.

ಇಷ್ಟಾದರೂ 4ಕೆಗೂ 5ಕೆಗೂ ನಡುವೆ ಆಯ್ಕೆ ಸುಲಭವಾಗಿರಲಿಲ್ಲ. ಸರಿಯಾದ ದೃಷ್ಟಿಯುಳ್ಳ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸೂಕ್ಷ್ಮವನ್ನು ಬಿಡಿಯಾಗಿ ಗುರುತಿಸುತ್ತದೆ ಎಂಬುದು ಕಣ್ಣಿನ ಪರೀಕ್ಷೆಗೆ ಇಟ್ಟುಕೊಂಡಿರುವ ಅಳತೆ. 60 ಸೆಂಟಿಮೀಟರ್ ದೂರಕ್ಕೆ ಅದು 0.17 ಮಿಲಿಮೀಟರ್ ಆಗುತ್ತದೆ. 27 ಇಂಚಿನ 4ಕೆ ಮಾನಿಟರ್‌ನ ಒಂದು ಪಿಕ್ಸೆಲ್ ಅಗಲ 0.155 ಮಿಲಿಮೀಟರ್, 5ಕೆಯದು 0.117. ಕುರ್ಚಿಗೆ ಒರಗಿ ಕೂತು ನೋಡಿದರೆ 4ಕೆಯೇ ಸಾಕು ಎಂದಾಯಿತು. ಆದರೆ ಕರಡು ತಿದ್ದುವವರು ಒರಗಿ ಕೂರುವುದಿಲ್ಲ. ಅನುಮಾನ ಬಂದ ಪದದ ಕಡೆಗೆ ಮುಖ ತಾನೇ ಮುಂದೆ ಹೋಗುತ್ತದೆ. 45 ಸೆಂಟಿಮೀಟರ್‌ಗೆ ಬಂದರೆ ಕಣ್ಣಿನ ಮಿತಿ 0.13 ಮಿಲಿಮೀಟರ್‌ಗೆ ಇಳಿಯುತ್ತದೆ, ಅಲ್ಲಿ 4ಕೆಯ ಅಂಚು ಒರಟಾಗಿ ಕಾಣತೊಡಗುತ್ತದೆ. ನನಗೆ ಚಾಳೀಸು ಬಂದಿದೆ. ಮಾನಿಟರ್ ದೂರಕ್ಕೇ ಎಂದು ಬೇರೆ ಕನ್ನಡಕ ಮಾಡಿಸಿಕೊಂಡಿದ್ದೇನೆ, ಅಂಗಡಿಗೂ ಅದನ್ನೇ ಹಾಕಿಕೊಂಡು ಹೋಗಿದ್ದೆ. ಕನ್ನಡಕ ಸರಿಯಿಲ್ಲದವರು ಪಿಕ್ಸೆಲ್‌ಗೆ ದುಡ್ಡು ಹಾಕುವ ಮೊದಲು ಕನ್ನಡಕಕ್ಕೆ ಹಾಕಲಿ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ.

‘ಕೆ’ ಮುಂದಿನ ಅಂಕಿ ದೊಡ್ಡದಾದರೆ ಅಕ್ಷರ ಇನ್ನೂ ಸ್ಫುಟ ಎಂಬ ನಂಬಿಕೆ ಅಂಗಡಿಗಳಲ್ಲಿ ಬಹಳ ಇದೆ. ಆ್ಯಪಲ್ 2019ರಲ್ಲಿ ತಂದ 32 ಇಂಚಿನ ಪ್ರೊ ಡಿಸ್‌ಪ್ಲೇಯಲ್ಲಿ 6016×3384 ಪಿಕ್ಸೆಲ್‌ಗಳಿವೆ. ಇಂಚಿಗೆ ಲೆಕ್ಕ ಹಾಕಿದರೆ 218, ಅಂದರೆ 27 ಇಂಚಿನ 5ಕೆಯಷ್ಟೇ. ಅಲ್ಲಿ ಜಾಗ ಹೆಚ್ಚು, ಸ್ಫುಟತೆ ಅದೇ. ಡೆಲ್ 2017ರಲ್ಲೇ 8ಕೆ ಮಾನಿಟರ್ ತಂದಿತ್ತು. ಅದರಲ್ಲಿ ಇಂಚಿಗೆ 280 ಪಿಕ್ಸೆಲ್, ಪೂರ್ತಿ ವೇಗದಲ್ಲಿ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಾಗುವ 60 ಹರ್ಟ್ಸ್‌ನಲ್ಲಿ ಓಡಿಸಲು ಎರಡು ಡಿಸ್‌ಪ್ಲೇಪೋರ್ಟ್ ಕೇಬಲ್. 3.3 ಕೋಟಿ ಪಿಕ್ಸೆಲ್‌ಗಳನ್ನು ಹೊತ್ತು ಆಟ ಓಡಿಸುವ ಗ್ರಾಫಿಕ್ಸ್ ಕಾರ್ಡ್ ನನ್ನ ಹತ್ತಿರ ಇಲ್ಲ, ಆ ದಾರಿಯನ್ನು ಅಲ್ಲಿಗೇ ಬಿಟ್ಟೆ.

5ಕೆ ತಂದ ಮೇಲೆ ಕೆಲಸದಲ್ಲಿ ಆದ ಬದಲಾವಣೆ ನಾನು ಎಣಿಸಿದ್ದಕ್ಕಿಂತ ದೊಡ್ಡದು. ನಮ್ಮ ಪುಸ್ತಕಗಳು ಹೆಚ್ಚಾಗಿ ಡೆಮಿ 1/8, ಅಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. 27 ಇಂಚಿನ ತೆರೆಯ ಅಗಲ ಇಪ್ಪತ್ಮೂರೂವರೆ ಇಂಚು. ನಿಜವಾದ ಅಳತೆಯ ನಾಲ್ಕು ಪುಟಗಳು ಸಾಲಾಗಿ ಹಿಡಿಸುತ್ತವೆ. 27 ಇಂಚಿನ ಯಾವ ಮಾನಿಟರ್‌ನಲ್ಲೂ ಹಿಡಿಸುತ್ತವೆ ನಿಜ, ಹಿಡಿಸಿದ ಪುಟ ಓದಲು ಬರಬೇಕಲ್ಲ! ಮೊದಲು ಅಕ್ಷರ ನೋಡಬೇಕೆಂದರೆ ಪುಟವನ್ನು ಇಮ್ಮಡಿ ದೊಡ್ಡದು ಮಾಡಬೇಕಿತ್ತು, ಆಗ ಪುಟವೇ ಕಾಣುತ್ತಿರಲಿಲ್ಲ. ಪುಟ ನೋಡಲು ಚಿಕ್ಕದು ಮಾಡಿದರೆ ಅಕ್ಷರ ಹೋಗುತ್ತಿತ್ತು. ಈಗ ಎಡಪುಟ ಬಲಪುಟಗಳ ಸಾಲುಗಳು ಸಮ ಕೂತಿವೆಯೇ, ಪ್ಯಾರಾದ ಕೊನೆಯ ಒಂಟಿ ಸಾಲು ಮುಂದಿನ ಪುಟದ ತಲೆಗೆ ಹೋಗಿ ಕೂತಿದೆಯೇ, ಪದಗಳ ನಡುವಿನ ಬಿಳಿ ಜಾಗ ಒಂದರ ಕೆಳಗೊಂದು ಸೇರಿ ಕಾಲುವೆಯಂತೆ ಹರಿದಿದೆಯೇ ಎಂಬುದನ್ನು ನೋಡುತ್ತಲೇ ಯುದ್ಧದ ಒತ್ತನ್ನೂ ನೋಡುತ್ತೇನೆ. ಅಕ್ಷರವನ್ನೂ ಪುಟವನ್ನೂ ಒಂದೇ ನೋಟದಲ್ಲಿ ನೋಡುವುದು ಇಷ್ಟು ವರ್ಷ ಕಾಗದದ ಪ್ರೂಫ್ ಮೇಲೆ ಮಾತ್ರ ಸಾಧ್ಯವಿತ್ತು.

ಕಾಗದದ ಜೊತೆ ಹೋಲಿಸಲು ಬೆಳಕನ್ನು ಬಹಳ ಇಳಿಸಬೇಕು. ಅಂಗಡಿಯ ಹೊಳಪಿನಲ್ಲಿ ಬಿಳಿ ಪುಟ ಕಣ್ಣು ಕುಕ್ಕುತ್ತದೆ. ನಾನು 120 ನಿಟ್ಸ್ (ತೆರೆಯ ಬೆಳಕಿನ ಅಳತೆ) ಹತ್ತಿರ ಇಟ್ಟಿದ್ದೇನೆ, ಮುದ್ರಣಕ್ಕೆ ಹೋಗುವ ಕೆಲಸಕ್ಕೆ ಆಸುಪಾಸು ಅದೇ ರೂಢಿ. ಒಂದು ಕೊರತೆಯನ್ನೂ ಹೇಳಬೇಕು. ನನ್ನದು ಹೊಳಪಿಲ್ಲದ ಮ್ಯಾಟ್ ತೆರೆ. ಟ್ಯೂಬ್‌ಲೈಟ್ ಪ್ರತಿಫಲಿಸುವುದಿಲ್ಲ, ಆದರೆ ಬಿಳಿ ಹಿನ್ನೆಲೆಯ ಮೇಲೆ ಸಣ್ಣ ಮಿನುಗು ಕಾಣುತ್ತದೆ, ಸಕ್ಕರೆ ಉದುರಿಸಿದ ಹಾಗೆ. ಪಿಕ್ಸೆಲ್ ಚಿಕ್ಕದಾದಷ್ಟೂ ಮೇಲಿನ ಲೇಪನದ ಒರಟು ಎದ್ದು ಕಾಣುತ್ತದೆ. ಕೊಳ್ಳುವವರು ಪೂರ್ತಿ ಬಿಳಿ ಪುಟ ತೆರೆದು, ತಲೆಯನ್ನು ಸ್ವಲ್ಪ ಆಚೀಚೆ ಆಡಿಸಿ ನೋಡಲೇಬೇಕು.

ಕೇಬಲ್ ವಿಷಯಕ್ಕೆ ಬರೋಣ. 5120×2880 ಎಂದರೆ ಸುಮಾರು 1.47 ಕೋಟಿ ಪಿಕ್ಸೆಲ್. ಸೆಕೆಂಡಿಗೆ 60 ಸಲ, ಪ್ರತಿ ಪಿಕ್ಸೆಲ್‌ಗೆ 24 ಬಿಟ್ ಎಂದರೆ 21 ಗಿಗಾಬಿಟ್ ದಾಟುತ್ತದೆ. ಎಚ್‌ಡಿಎಂಐ 2.0 ಇಷ್ಟನ್ನು ಹೊರಲಾರದು, ಅದರ ಒಟ್ಟು ಸಾಮರ್ಥ್ಯವೇ 18. ಡಿಸ್‌ಪ್ಲೇಪೋರ್ಟ್ 1.4 ಹೊರುತ್ತದೆ. 10 ಬಿಟ್ ಬಣ್ಣ ಬೇಕೆಂದರೆ ಅದಕ್ಕೂ ಮೀರುತ್ತದೆ, ಆಗ ಡಿಎಸ್‌ಸಿ ಎಂಬ ಸಂಕೋಚನ ಬೇಕು. ಮೊಬೈಲ್ ಚಾರ್ಜರ್ ಜೊತೆ ಬಂದ ಯುಎಸ್‌ಬಿ-ಸಿ ಕೇಬಲ್ ಹಾಕಿ ಚಿತ್ರವೇ ಬರಲಿಲ್ಲ ಎನ್ನುವವರನ್ನು ಕಂಡಿದ್ದೇನೆ. ಆ ಕೇಬಲ್‌ಗಳಲ್ಲಿ ಹೆಚ್ಚಿನವು ಚಿತ್ರ ಸಾಗಿಸಲು ಮಾಡಿದವೇ ಅಲ್ಲ. ಚಿತ್ರ ಬಂದ ಮೇಲೂ ವಿಂಡೋಸ್‌ನ ಅಡ್ವಾನ್ಸ್‌ಡ್ ಡಿಸ್‌ಪ್ಲೇ ತೆರೆದು 5120×2880, 60 ಹರ್ಟ್ಸ್ ಎಂದು ಇದೆಯೇ ನೋಡಿ. 30 ಹರ್ಟ್ಸ್‌ಗೆ ಇಳಿದಿದ್ದರೆ ಮೌಸ್ ಎಳೆದಾಗಲೇ ಕೈಗೆ ಗೊತ್ತಾಗುತ್ತದೆ.

ವಿಂಡೋಸ್‌ನಲ್ಲಿ ಸ್ಕೇಲಿಂಗ್ (ಅಕ್ಷರ, ಮೆನುಗಳನ್ನು ಹಿಗ್ಗಿಸುವ ಪ್ರಮಾಣ) 200 ಪ್ರತಿಶತಕ್ಕೆ ಇಟ್ಟಿದ್ದೇನೆ. 2560×1440ರ ಜಾಗ, ಪ್ರತಿ ಬಿಂದುವಿಗೆ ನಾಲ್ಕು ನಿಜ ಪಿಕ್ಸೆಲ್. 4ಕೆಯಲ್ಲಿ ಇಷ್ಟೇ ಜಾಗ ಬೇಕಾದರೆ 150 ಇಡಬೇಕು, ಆಗ ಒಂದು ಗೆರೆಗೆ ಒಂದೂವರೆ ಪಿಕ್ಸೆಲ್ ಎಂಬ ಇಕ್ಕಟ್ಟು ಬರುತ್ತದೆ. ಕನ್ನಡದ ಹಳೆಯ ತಂತ್ರಾಂಶಗಳು ಹೊಸ ತೆರೆಗಳನ್ನು ನೋಡಿದವಲ್ಲ. ಅವುಗಳ ಮೆನು ಇರುವೆಯಷ್ಟಾಗುತ್ತದೆ, ಇಲ್ಲವೇ ಮಂಜಾಗುತ್ತದೆ. ಆ ತಂತ್ರಾಂಶದ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿಗೆ ಹೋಗಿ, ಹೈ ಡಿಪಿಐ ಆಯ್ಕೆಯನ್ನು ‘ಸಿಸ್ಟಮ್ (ಎನ್‌ಹಾನ್ಸ್‌ಡ್)’ ಮಾಡಿದರೆ ಬಹುತೇಕ ಸರಿಹೋಗುತ್ತದೆ.

ಇನ್ನು ಆಟ. 5ಕೆ ಪೂರ್ತಿ ರೆಸಲ್ಯೂಷನ್‌ನಲ್ಲಿ 4ಕೆಗಿಂತ ಶೇ 78ರಷ್ಟು ಹೆಚ್ಚು ಪಿಕ್ಸೆಲ್ ಎಳೆಯಬೇಕು. ನನ್ನದು ಮಧ್ಯಮ ದರ್ಜೆಯ, 12 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್. ಸಿವಿಲೈಸೇಷನ್ 6ರಂಥ ನಿಧಾನದ ಆಟ ಪೂರ್ತಿ 5ಕೆಯಲ್ಲಿ ಸಲೀಸಾಗಿ ಓಡುತ್ತದೆ, ನಕ್ಷೆಯ ಮೇಲಿನ ಸಣ್ಣ ಅಕ್ಷರಗಳು ಅಚ್ಚೊತ್ತಿದಂತೆ ಕಾಣುತ್ತವೆ. ಭಾರದ ಆಟಗಳಿಗೆ 5ಕೆಯ ಅಳತೆಯೇ ಒಂದು ಅನುಕೂಲ. ಅದು ಉದ್ದಕ್ಕೂ ಅಗಲಕ್ಕೂ 2560×1440ರ ಸರಿಯಾಗಿ ಎರಡರಷ್ಟು. ಕಡಿಮೆ ಪಿಕ್ಸೆಲ್ ಎಳೆದು ಚಿತ್ರವನ್ನು ಹಿಗ್ಗಿಸುವ ಎನ್‌ವಿಡಿಯಾ ತಂತ್ರವಾದ ಡಿಎಲ್‌ಎಸ್‌ಎಸ್‌ನ ಪರ್ಫಾರ್ಮೆನ್ಸ್ ಮೋಡ್ ಹಾಕಿದರೆ ಕಾರ್ಡ್ ಒಳಗೊಳಗೆ ಎಳೆಯುವುದು 2560×1440 ಮಾತ್ರ, ತೆರೆಗೆ ಬರುವುದು 5ಕೆ. ಆರೋಗ್ಯಪಟ್ಟಿ, ನಕ್ಷೆ, ಮಾತಿನ ಸಾಲುಗಳು ಪೂರ್ತಿ 5ಕೆಯಲ್ಲೇ ಮೂಡುತ್ತವೆ. ಡಿಎಲ್‌ಎಸ್‌ಎಸ್ ಇಲ್ಲದ ಆಟಕ್ಕೆ ನೇರವಾಗಿ 1440 ಕೊಟ್ಟು, ಎನ್‌ವಿಡಿಯಾ 2019ರಲ್ಲಿ ಟ್ಯೂರಿಂಗ್ ಕಾರ್ಡ್‌ಗಳಿಗೆ ತಂದ ಇಂಟಿಜರ್ ಸ್ಕೇಲಿಂಗ್ ಹಾಕುತ್ತೇನೆ. ಒಂದು ಪಿಕ್ಸೆಲ್ ನಾಲ್ಕಾಗುತ್ತದೆ ಅಷ್ಟೇ, ಮಸುಕಾಗುವುದಿಲ್ಲ. 4ಕೆ ಮಾನಿಟರ್‌ನಲ್ಲಿ 1440 ಹಾಕಿದರೆ ಈ ಹೊಂದಾಣಿಕೆ ಸಿಗದು.

ನಿಜವಾದ ಮಿತಿ 60 ಹರ್ಟ್ಸ್. ಎಲ್ಡನ್ ರಿಂಗ್ ತಾನೇ 60 ಫ್ರೇಮ್‌ಗೆ ಕಟ್ಟುಹಾಕಿರುವ ಆಟ, ಅದಕ್ಕೆ ಏನೂ ನಷ್ಟವಿಲ್ಲ. ಕೌಂಟರ್-ಸ್ಟ್ರೈಕ್ 2ಕ್ಕೆ ಮಾತ್ರ ಈ ಮಾನಿಟರ್ ಬೇಡವೇ ಬೇಡ. ಇಲ್ಲಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ 16.7 ಮಿಲಿಸೆಕೆಂಡ್, 144 ಹರ್ಟ್ಸ್‌ನಲ್ಲಿ 6.9. ಓಡುತ್ತಿರುವ ಎದುರಾಳಿ ಮೂಲೆಯಿಂದ ಹೊರಬಂದಾಗ ಆ ವ್ಯತ್ಯಾಸ ಬೆರಳಿಗೆ ತಿಳಿಯುತ್ತದೆ. ಅಂಥ ಆಟವೇ ಮುಖ್ಯ ಎನ್ನುವವರಿಗೆ ಈಚೆಗೆ ಬರತೊಡಗಿರುವ ಹೆಚ್ಚು ಹರ್ಟ್ಸ್‌ನ 5ಕೆ ಮಾನಿಟರ್‌ಗಳಿವೆ. ಅವುಗಳಲ್ಲಿ ಕೆಲವಕ್ಕೆ ಡ್ಯುಯಲ್ ಮೋಡ್ ಇದ್ದು, 1440ಕ್ಕೆ ಇಳಿಸಿದರೆ ಹರ್ಟ್ಸ್ ಇನ್ನೂ ಏರುತ್ತದೆ. ನಾನು ಕೊಳ್ಳುವಾಗ ಅವು ಕೈಗೆಟುಕುವಂತಿರಲಿಲ್ಲ.

ಧಾರವಾಡದ ಡಿಟಿಪಿ ಗೆಳೆಯರೊಬ್ಬರು ಇಷ್ಟೆಲ್ಲ ಕೇಳಿಸಿಕೊಂಡು, “ಅಣ್ಣಾ, ಅಷ್ಟು ರೊಕ್ಕ ಇಲ್ರಿ, ನಾ ಏನ್ ತಗೊಳ್ಲಿ?” ಎಂದರು. 24 ಇಂಚಿನ 4ಕೆ ಹುಡುಕಲು ಹೇಳಿದೆ. ಇಂಚಿಗೆ ಸುಮಾರು 184 ಪಿಕ್ಸೆಲ್, 12 ಪಾಯಿಂಟಿನ ಅಕ್ಷರಕ್ಕೆ ಸುಮಾರು 31 ಪಿಕ್ಸೆಲ್. ಡೆಮಿಯ ಎರಡು ಪುಟ ನಿಜ ಅಳತೆಯಲ್ಲಿ ಕೂತು, ಪಕ್ಕದಲ್ಲಿ ಪ್ಯಾಲೆಟ್‌ಗಳಿಗೂ ಜಾಗ ಉಳಿಯುತ್ತದೆ. ಅವರ ಹಳೆಯ ಕಂಪ್ಯೂಟರ್‌ನ ಎಚ್‌ಡಿಎಂಐ 2.0 ಪೋರ್ಟ್ ಕೂಡ 4ಕೆ 60 ಹರ್ಟ್ಸ್ ಹೊರುತ್ತದೆ. ಪರೀಕ್ಷಾ ಪುಟದ ಪಿಡಿಎಫ್ ಕಳಿಸಿದ್ದೇನೆ, ಅಂಗಡಿಗೆ ಸ್ಕೇಲು ಮರೆಯದೆ ಒಯ್ಯಲು ಹೇಳಿದ್ದೇನೆ.