ಟೀಮ್‌ನಲ್ಲಿ ಹೊಸ ಐಡಿಯಾ ಬರ್ತಿಲ್ವಾ? ಒತ್ತಡ ಯಾವ ಬಗೆಯದು ನೋಡಿ

ಟೀಮ್ ನಡೆಸುವವರಿಗೆ ಒಂದು ಸಲಹೆ. ಮೀಟಿಂಗ್‌ನಲ್ಲಿ ಎಲ್ಲರೂ ಸುಮ್ನೆ ತಲೆ ಆಡಿಸುತ್ತಿದ್ದರೆ ಅವರ ಹತ್ತಿರ ಐಡಿಯಾ ಇಲ್ಲ ಅಂದುಕೊಳ್ಳಬೇಡಿ. ಒತ್ತಡ ಎಲ್ಲಿಂದ ಬರುತ್ತಿದೆ ನೋಡಿ.

ಎಲ್ಲ ಒತ್ತಡವೂ ಕೆಟ್ಟದ್ದಲ್ಲ. ಸವಾಲಿನ ಕೆಲಸ ಎಷ್ಟೋ ಸಲ ಹುರುಪು ಕೊಡುತ್ತದೆ. ತಲೆ ತಿನ್ನುವುದು ಬೇರೆ: ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಆದೇಶ, ಸಣ್ಣದಕ್ಕೂ ಮೂರು ಜನರ ಒಪ್ಪಿಗೆ, ತಪ್ಪಾದರೆ ಎಲ್ಲರೆದುರು ಬೈಗುಳ. ಒತ್ತಡ ಜಾಸ್ತಿಯಾದಾಗ ಯೋಚಿಸುವ ಶಕ್ತಿ ಮಂಕಾಗಿ, ಮನಸ್ಸು ರೂಢಿಯ ದಾರಿಯನ್ನೇ ಹಿಡಿಯುತ್ತದೆ. ಹೊಸದು ಹೇಳಿ ಬೈಸಿಕೊಳ್ಳುವುದು ಯಾರಿಗೆ ಬೇಕು, ಅಲ್ವಾ? ಹೆದರದೆ ಮಾತಾಡಬಹುದು ಎಂಬ ನಂಬಿಕೆ ಇರುವ ಟೀಮ್‌ಗಳು ಹೆಚ್ಚು ಕಲಿಯುತ್ತವೆ ಅಂತ ಹಾರ್ವರ್ಡ್ ಪ್ರೊಫೆಸರ್ ಏಮಿ ಎಡ್ಮಂಡ್‌ಸನ್ 1999ರಲ್ಲೇ ತೋರಿಸಿದ್ದರು.

ಯೋಚಿಸಲು ಬಿಡುವು ಸಿಗುವಂತೆ ವಾರದಲ್ಲಿ ಎರಡು ಗಂಟೆ ಕಾಲ ಮೀಟಿಂಗ್, ಚಾಟ್ ಎರಡೂ ಬಂದ್ ಮಾಡಿ. ಆಟದ ಕೋಣೆ, ಮೆತ್ತನೆ ಸೋಫಾ ಎಲ್ಲ ಆಮೇಲೆ! ಯಾರಾದರೂ ಐಡಿಯಾ ಹೇಳಿದರೆ "ಇದು ಆಗಲ್ಲ" ಅನ್ನುವ ಬದಲು "ಸಣ್ಣ ಮಟ್ಟದಲ್ಲಿ ಮಾಡಿ ನೋಡಲು ಏನು ಬೇಕು?" ಅಂತ ಕೇಳಿ. ಪ್ರಯೋಗ ಸೋತರೂ ಅಪ್ರೈಸಲ್‌ನಲ್ಲಿ ಎಣಿಸುವುದಿಲ್ಲ ಅಂತ ಮೊದಲೇ ಮೇಲ್ ಕಳಿಸಿ. ಬಾಯಿಮಾತನ್ನು ಯಾರೂ ನಂಬಲ್ಲ.