ಸ್ಕೈರಿಮ್: ಭಾರಕ್ಕೆ ಹತ್ತು ಪಟ್ಟು ಬೆಲೆ ಇದ್ದರೆ ಮಾತ್ರ ಹೊತ್ತುಕೊಳ್ಳಿ

ಚಿಕ್ಕಬಳ್ಳಾಪುರದ ಗೇಮಿಂಗ್ ಗೆಳೆಯರೇ, ಸ್ಕೈರಿಮ್ ವಿಡಿಯೋ ಗೇಮ್‌ನಲ್ಲಿ ಮಾರೋದಕ್ಕೆ ಅಂತ ಏನೇ ಎತ್ತಿಕೊಳ್ಳೋ ಮುಂಚೆ ಅದರ ಬೆಲೆಯನ್ನ ಭಾರದಿಂದ ಭಾಗಿಸಿ ನೋಡಿ, ಹತ್ತಕ್ಕಿಂತ ಕಡಿಮೆ ಬಂದ್ರೆ ಅಲ್ಲೇ ಬಿಟ್ಟುಬಿಡಿ. ಎರಡೂ ಅಂಕಿ ಪರದೆ ಮೇಲೇ ಕಾಣುತ್ತೆ. ಶುರುವಿನಲ್ಲಿ ಹೊರೋ ಮಿತಿ 300 ಅಷ್ಟೇ. ಅದು ದಾಟಿದ್ರೆ ಓಡೋಕೂ ಆಗಲ್ಲ, ಫಾಸ್ಟ್ ಟ್ರಾವೆಲ್ಲೂ (ನಕ್ಷೆಯಲ್ಲಿ ಆರಿಸಿದ ಜಾಗಕ್ಕೆ ಒಮ್ಮೆಲೇ ಹೋಗೋದು) ಇಲ್ಲ. ಕಬ್ಬಿಣದ ವಾರ್‌ಹ್ಯಾಮರ್ (ಯುದ್ಧದ ಸುತ್ತಿಗೆ) 24 ಭಾರ, ಮೂಲಬೆಲೆ 60 ಚಿನ್ನ. ಒಂದು ಗಾರ್ನೆಟ್ ಹರಳು 0.1 ಭಾರ, ಬೆಲೆ 100! ಶಿಡ್ಲಘಟ್ಟಕ್ಕೆ ರೇಷ್ಮೆಗೂಡು ಒಯ್ಯೋ ಲೆಕ್ಕ ಇದು, ಹೊರೆ ಹಗುರ, ದುಡ್ಡು ಜಾಸ್ತಿ. ಮೇಲಾಗಿ ವ್ಯಾಪಾರಿಗಳ ಹತ್ತಿರ ಇರೋ ಚಿನ್ನವೂ ಸೀಮಿತ, ಆಟದೊಳಗಿನ 48 ಗಂಟೆ ಕಳೆದ ಮೇಲೇ ಮತ್ತೆ ತುಂಬೋದು. ಹಾಗಾಗಿ ರಾಶಿ ಹೊತ್ತು ತಂದ್ರೂ ಅರ್ಧ ಮಾಲು ಕೈಯಲ್ಲೇ ಉಳಿಯುತ್ತೆ.

ಈ ಲೆಕ್ಕ ಕೈಕೊಡೋದು ಎರಡು ಕಡೆ. ಆಟದಲ್ಲಿ ಕಣ್ಮರೆಯಾದ ಡ್ವೆಮರ್ ಜನಾಂಗದ ಲೋಹದ ಬಾಗಿದ ತುಂಡಿಗೆ ಬೆಲೆ ಕಮ್ಮಿ, ಆದ್ರೆ 2 ಭಾರದ ಒಂದೊಂದು ತುಂಡು ಕರಗಿಸಿದ್ರೂ ಮೂರು ಲೋಹದ ಗಟ್ಟಿ (ಇಂಗಾಟ್) ಸಿಗುತ್ತೆ. ಸ್ಮಿತಿಂಗ್ (ಕಮ್ಮಾರಿಕೆ) ಕೌಶಲ ಬೆಳೆಸೋರು ಅದನ್ನ ಖಂಡಿತ ಬಿಡಬೇಡಿ. ನೀವಿನ್ನೂ ಕಲಿಯದ ಮಾಯೆ ಇರೋ ಆಯುಧ, ಕವಚ ಕಂಡ್ರೆ ಎಷ್ಟೇ ಭಾರ ಇದ್ರೂ ತನ್ನಿ, ವಸ್ತುಗಳಿಗೆ ಮಾಯೆ ಹಾಕೋ ಎನ್‌ಚಾಂಟಿಂಗ್ ಮೇಜಿನ ಮೇಲೆ ಒಡೆದ್ರೆ ಆ ಮಾಯೆ ಶಾಶ್ವತವಾಗಿ ನಿಮ್ಮದು. ಇಷ್ಟಾಗಿಯೂ ಮಿತಿ ಮೀರಿತು ಅಂದ್ರೆ ಕುದುರೆ ಹತ್ತಿ. ಕುದುರೆ ಮೇಲಿದ್ದಾಗ ಹೊರೆ ಹೆಚ್ಚಾಗಿದ್ರೂ ಫಾಸ್ಟ್ ಟ್ರಾವೆಲ್ ನಡೆಯುತ್ತೆ.